ಹತಾರ ಕೇಳಿದ ಹುಕುಮು, ಕೊಡದ ಊರು

ಸುರಪುರದ ಒಂದು ಪ್ರೌಢಶಾಲೆಯಲ್ಲಿ ‘ಹಲಗಲಿ ಬೇಡರು’ ಲಾವಣಿಯ ಪಾಠ ಮುಗಿಸಿದ ದಿನ ಮೂರನೇ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. “ಸರ್, ಹತಾರ ಕೊಟ್ಟುಬಿಟ್ಟಿದ್ರ ಊರು ಉಳೀತಿತ್ತಲ್ರಿ?” ತರಗತಿ ನಕ್ಕಿತು. ಶೌರ್ಯ, ಸ್ವಾಭಿಮಾನ, ಸ್ವಾತಂತ್ರ್ಯದ ಕಿಚ್ಚು ಎಂದು ಏನೇನೋ ಹೇಳಿ ಅವಳನ್ನು ಕೂರಿಸಿದೆ. ಪರೀಕ್ಷೆಗೆ ಬೇಕಾದ ಉತ್ತರ ಅದೇ. ಆದರೆ ಮನೆಗೆ ಬಂದು ಲಾವಣಿಯನ್ನು ಮತ್ತೆ ಓದಿದಾಗ, ಹುಡುಗಿ ಕೇಳಿದ್ದೇ ಸರಿಯಾದ ಪ್ರಶ್ನೆ, ನಾನು ಕೊಟ್ಟದ್ದು ಗೈಡಿನ ಉತ್ತರ ಅನಿಸಿತು.

ಪ್ರಭುತ್ವವೊಂದು ಇದ್ದಕ್ಕಿದ್ದಂತೆ ‘ನಿಮ್ಮ ಬಂದೂಕು, ಕತ್ತಿ ತಂದು ಒಪ್ಪಿಸಿ’ ಎಂದರೆ ಅವನ್ನು ಇಟ್ಟುಕೊಂಡವರು ಏನು ಮಾಡುತ್ತಾರೆ? ಈ ವಿಷಯದ ಮೇಲೆ ಕನ್ನಡದಲ್ಲಿ ಹುಟ್ಟಿದ ಬರಹ ಬಹಳವಿಲ್ಲ. ಇರುವುದರಲ್ಲಿ ಗಟ್ಟಿಯಾದದ್ದು ಈ ಲಾವಣಿಯೇ. ಸಿಪಾಯಿ ದಂಗೆಯ ಬೆನ್ನಿಗೇ 1857ರಲ್ಲಿ ಕಂಪನಿ ಸರ್ಕಾರ ನಿಃಶಸ್ತ್ರೀಕರಣ ಕಾಯ್ದೆ ತಂದಿತು. ಅನುಮತಿಯಿಲ್ಲದೆ ಯಾರೂ ಆಯುಧ ಇಟ್ಟುಕೊಳ್ಳಬಾರದು ಎಂಬುದು ಅದರ ಸಾರ. ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಒಪ್ಪಲಿಲ್ಲ. ನವೆಂಬರ್ ಕೊನೆಗೆ ದಂಡು ಬಂದು ಊರನ್ನು ಸುಟ್ಟಿತು. ಡಿಸೆಂಬರಿನಲ್ಲಿ ಹತ್ತೊಂಬತ್ತು ಜನರನ್ನು ಗಲ್ಲಿಗೆ ಹಾಕಿದರು, ಮುಧೋಳದಲ್ಲಿ ಕೆಲವರನ್ನು, ಹಲಗಲಿಯಲ್ಲೇ ಕೆಲವರನ್ನು. ಮುಂದೆ ಈ ಹಾಡನ್ನು ಹುಡುಕಿ ಅಚ್ಚು ಹಾಕಿಸಿದವನು ಬ್ರಿಟಿಷ್ ಅಧಿಕಾರಿಯೇ. ನಮ್ಮ ಶಾಸನಗಳನ್ನು ಓದಿದ ಜಾನ್ ಫೇಯ್ತ್‌ಫುಲ್ ಫ್ಲೀಟ್ 1880ರ ದಶಕದಲ್ಲಿ ‘ಇಂಡಿಯನ್ ಆ್ಯಂಟಿಕ್ವರಿ’ ಪತ್ರಿಕೆಯಲ್ಲಿ ಕನ್ನಡ ಲಾವಣಿಗಳನ್ನು ಪ್ರಕಟಿಸಿದ. ಸಂಗೊಳ್ಳಿ ರಾಯಣ್ಣನ ಪದದ ಜತೆ ಹಲಗಲಿಯದೂ ಅಲ್ಲಿತ್ತು.

ಲಾವಣಿಯ ಮೊದಲ ಹೆಚ್ಚುಗಾರಿಕೆ ಅದು ಆರಿಸಿಕೊಂಡ ಪದದಲ್ಲಿದೆ. ಕಾಯ್ದೆಯ ಭಾಷೆಗೆ ಬೇಕಾದದ್ದು ಆಯುಧ. ಲಾವಣಿಕಾರ ಹೇಳುವುದು ‘ಹತಾರ’. ನಮ್ಮ ಕಡೆ ಹತಾರ ಅಂದರೆ ಕತ್ತಿ, ಬಂದೂಕು ಅಷ್ಟೇ ಆಗುವುದಿಲ್ಲ. ಬಡಿಗನ ಉಳಿ ಬಾಚಿ ಹತಾರ, ಕ್ಷೌರಿಕನ ಪೆಟ್ಟಿಗೆಯಲ್ಲಿರುವುದು ಹತಾರ, ಇವತ್ತು ಬೈಕ್ ರಿಪೇರಿ ಮಾಡುವ ಹುಡುಗನ ಪಾನಾ ಪಕ್ಕಡ್ ಕೂಡ ಹತಾರವೇ. ಮಹಾನವಮಿಗೆ ಶಹಾಪುರದ ಯಾವ ಮನೆಗೆ ಹೋದರೂ ಕುಡುಗೋಲು, ಕೊಡಲಿ, ತಕ್ಕಡಿ, ಹಳೆಯ ತಲವಾರು ಒಂದೇ ಮಣೆಯ ಮೇಲೆ ಕುಂಕುಮ ಹಚ್ಚಿಸಿಕೊಂಡು ಕೂತಿರುತ್ತವೆ. ದುಡಿಯುವುದಕ್ಕೂ ಕಾಯುವುದಕ್ಕೂ ನಡುವೆ ಗೆರೆ ಎಳೆಯದ ಬದುಕಿನಿಂದ ಬಂದ ಪದ ಇದು. ಬೇಟೆ, ಊರ ಕಾವಲು, ಪಾಳೆಯಗಾರನ ದಂಡಿನ ಚಾಕರಿ ಇವೇ ಬೇಡರ ಕಸುಬುಗಳು. ಅವರ ಬಂದೂಕು ಒಕ್ಕಲಿಗನ ನೇಗಿಲಿನಂತೆ ಕಸುಬಿನ ಸಾಮಾನು. ಕಲ್ಕತ್ತೆಯಲ್ಲಿ ಕೂತು ಕಾಯ್ದೆ ಬರೆದವರು ಕೇಳಿದ್ದು ಆಯುಧ, ಹಲಗಲಿಯ ಕಿವಿಗೆ ಬಿದ್ದದ್ದು ಹತಾರ. ಜಗಳ ಹುಟ್ಟಿದ್ದು ಈ ಎರಡು ಪದಗಳ ನಡುವೆ.

ಎರಡನೆಯದು, ಊರಿನವರ ತೀರ್ಮಾನ ಹೇಗೆ ಆಯಿತು ಎಂಬುದನ್ನು ಲಾವಣಿ ತೋರಿಸುವ ಬಗೆ. ಹನುಮ, ಬಾಲ, ಜಡಗ, ರಾಮ ಎಂಬ ನಾಲ್ವರು ಕೂತು ಮಸಲತ್ತು ಮಾಡುತ್ತಾರೆ. ಅವರ ವಾದ ಬಹಳ ಚಿಕ್ಕದು: ಹತಾರ ಹೋದ ಮೇಲೆ ಜೀವ ಇದ್ದೇನು? ಸ್ವಾತಂತ್ರ್ಯ, ದೇಶ, ಧರ್ಮ ಯಾವ ದೊಡ್ಡ ಮಾತೂ ಅಲ್ಲಿ ಇಲ್ಲ. ಅವನ್ನೆಲ್ಲ ಸೇರಿಸಿದವರು ಪಾಠ ಮಾಡುವ ನಾವು. ಮಸಲತ್ತಿನ ನಂತರ ಮೊದಲ ಏಟು ಬೀಳುವುದು ಕಾರಕೂನನ ಕಪಾಳಕ್ಕೆ. ಗುಂಡಿಗೆ ಮೊದಲು ಕಪಾಳಮೋಕ್ಷ! ದಿನವೂ ಕಚೇರಿಯ ಬಾಗಿಲಲ್ಲಿ ಕೈಕಟ್ಟಿ ನಿಲ್ಲುವ ಮಂದಿಗೆ ಸರ್ಕಾರ ಅಂದರೆ ಯಾರು ಎಂಬುದು ಲಾವಣಿಕಾರನಿಗೆ ಗೊತ್ತಿದೆ. ವಿಲಾಯತಿಯ ಹುಕುಮು ಹಳ್ಳಿಗೆ ಬರುವುದು ಕಾರಕೂನನ ರೂಪದಲ್ಲಿ, ಸಿಟ್ಟೂ ಮೊದಲು ತಾಗುವುದು ಅವನಿಗೆ.

ಮೂರನೆಯದು, ನನ್ನ ಮಟ್ಟಿಗೆ ಲಾವಣಿಯ ಶಿಖರ, ಕೊನೆಯ ಲೂಟಿಯ ಪಟ್ಟಿ. ಪಾಠ ಮಾಡುವಾಗ ನಾವು ಜಡಗನ ಪರಾಕ್ರಮ ವಿವರಿಸಿ ದಣಿದು ಈ ಭಾಗವನ್ನು ಓಡಿಸಿಬಿಡುತ್ತೇವೆ. ದಂಡು ಊರಿನಿಂದ ಹೊತ್ತೊಯ್ದದ್ದೇನು ಎಂದು ಲಾವಣಿಕಾರ ಒಂದೊಂದಾಗಿ ಎಣಿಸುತ್ತಾನೆ. ಬಂಗಾರ ಮೊದಲಾಗಿ ಕೊಡಲಿ, ಹಾಲು, ಬೆಣ್ಣೆ, ಉಪ್ಪು, ಎಣ್ಣೆ, ಅರಿಸಿನ, ಜೀರಿಗೆ, ಬೆಲ್ಲ, ಗಂಗಾಳ, ಚರಗಿ, ಮಂಗಳಸೂತ್ರ, ಬೀಸುವ ಕಲ್ಲನ್ನೂ ಬಿಡಲಿಲ್ಲ. ಹತಾರ ಕಸಿಯಲು ಬಂದವರು ಅಡುಗೆಮನೆ ಖಾಲಿ ಮಾಡಿಕೊಂಡು ಹೋದರು. ಒಂದು ಉದ್ಗಾರವಿಲ್ಲ, ಶಾಪವಿಲ್ಲ. ಸಂತೆಯ ಚೀಟಿ ಓದಿದಂತೆ ಓದುತ್ತಾನೆ. ಜೀರಿಗೆಯೂ ಹತಾರವೇ ಎಂದು ಅವನು ಕೇಳುವುದಿಲ್ಲ, ಕೇಳುವ ಕೆಲಸವನ್ನು ನಮಗೆ ಬಿಟ್ಟಿದ್ದಾನೆ. ಜನರನ್ನು ನಂಬದ ಸರ್ಕಾರ ಆಯುಧ ಕೇಳಿದರೆ ಆ ಕೇಳಿಕೆ ಎಲ್ಲಿ ಹೋಗಿ ನಿಲ್ಲುತ್ತದೆ ಎಂಬುದಕ್ಕೆ ಇದಕ್ಕಿಂತ ಹರಿತವಾದ ಸಾಕ್ಷ್ಯ ನಾನು ಓದಿಲ್ಲ.

ಇಷ್ಟು ಹೇಳಿದ ಮೇಲೆ ಕೊರತೆಯನ್ನೂ ಹೇಳಬೇಕು. ಲಾವಣಿಯಲ್ಲಿ ಮಾತಾಡುವವರು ನಾಲ್ವರು, ಸುಟ್ಟುಹೋದದ್ದು ಇಡೀ ಊರು. ಮಸಲತ್ತಿಗೆ ಕರೆಯದವರು, ಕೊಟ್ಟುಬಿಡೋಣ ಎಂದವರು, ಒಲೆಯ ಮುಂದೆ ಕೂತು ಏನೂ ಹೇಳದವರು ಎಲ್ಲಿ ಹೋದರು? ಬೀಸುವ ಕಲ್ಲು ಕಳೆದುಕೊಂಡವಳಿಗೆ ಬಂದೂಕಿನ ಬಗ್ಗೆ ಏನು ಅನಿಸಿತ್ತು? ಅವಳ ವಸ್ತುಗಳು ಪಟ್ಟಿಯಲ್ಲಿವೆ, ಅವಳ ಮಾತು ಇಲ್ಲ. ನಮ್ಮ ಮೂರನೇ ಬೆಂಚಿನ ಹುಡುಗಿ ಕೇಳಿದ್ದು ಆ ಹೆಂಗಸಿನ ಪ್ರಶ್ನೆ. ಇನ್ನೊಂದು, ಹುಕುಮು ವಿಲಾಯತಿಯಿಂದ ಬಂತು ಎಂದು ಹಾಡುವಾಗ ನಡುವೆ ಇದ್ದ ನಮ್ಮವರು ಮರೆಯಾಗುತ್ತಾರೆ. ಹಲಗಲಿ ಮುಧೋಳದ ಘೋರ್ಪಡೆ ಅರಸರ ಸಂಸ್ಥಾನದ ಊರು. ಕಂಪನಿಯ ಕಾಯ್ದೆ ಅಲ್ಲಿಗೆ ತಲುಪಿದ್ದು ದೇಶಿ ದರ್ಬಾರಿನ ಕೈ ದಾಟಿ. ಇದನ್ನು ತರಗತಿಯಲ್ಲಿ ನಾವೂ ಒತ್ತಿ ಹೇಳುವುದಿಲ್ಲ.

ಸುರಪುರದಲ್ಲಿ ಕೂತು ಈ ಲಾವಣಿ ಓದುವವನಿಗೆ ಪಕ್ಕದಲ್ಲೇ ಇನ್ನೊಂದು ಪುಸ್ತಕ ತೆರೆದಿರುತ್ತದೆ. ಇದೂ ಬೇಡರ ನಾಡೇ. 1705ರಲ್ಲಿ ಮುಪ್ಪಿನ ಔರಂಗಜೇಬ್ ತಾನೇ ಬಂದು ವಾಗಣಗೇರಿಯ ಕೋಟೆಗೆ ತಿಂಗಳುಗಟ್ಟಲೆ ಮುತ್ತಿಗೆ ಹಾಕಿ ಕುಳಿತದ್ದು ಬೇಡರ ಬಂದೂಕಿನ ಗುರಿಗೆ ಸಿಕ್ಕು. ಕೊನೆಗೆ ಕೋಟೆ ಸಿಕ್ಕಿತು, ಬೇಡರ ದೊರೆ ಪಿಡ್ಡನಾಯಕ ಸಿಗಲಿಲ್ಲ. ಅದೇ ಮನೆತನದ ಎಳೆಯ ರಾಜ ವೆಂಕಟಪ್ಪ ನಾಯಕನ ಸಂಸ್ಥಾನವನ್ನು 1841ರಿಂದ ನೋಡಿಕೊಂಡವನು ಬ್ರಿಟಿಷ್ ಅಧಿಕಾರಿ, ಕಾದಂಬರಿಕಾರ ಮೆಡೋಸ್ ಟೇಲರ್. ಗುಡ್ಡದ ಮೇಲಿನ ಅವನ ಬಂಗಲೆ ಟೇಲರ್ ಮಂಜಿಲ್ ಇವತ್ತಿಗೂ ಇದೆ. ಹುಡುಗ ಅವನನ್ನು ‘ಅಪ್ಪಾ’ ಎಂದೇ ಕರೆಯುತ್ತಿದ್ದ. 1858ರ ಫೆಬ್ರುವರಿಯಲ್ಲಿ, ಹಲಗಲಿಯ ಬೂದಿ ಆರಿ ಮೂರು ತಿಂಗಳು ತುಂಬುವ ಮೊದಲೇ, ಆ ಹುಡುಗ ಕಂಪನಿಯ ವಿರುದ್ಧ ಎದ್ದ. ಕಾಳಗದಲ್ಲಿ ಬ್ರಿಟಿಷ್ ದಂಡಿನ ಕ್ಯಾಪ್ಟನ್ ನ್ಯೂಬೆರಿ ಸತ್ತ. ಸೋತ ರಾಜ ಹೈದರಾಬಾದಿಗೆ ಓಡಿ ಅಲ್ಲಿ ಸೆರೆಯಾದ. ಗಲ್ಲಿನ ಶಿಕ್ಷೆ ಇಳಿಯುತ್ತ ಇಳಿಯುತ್ತ ನಾಲ್ಕು ವರ್ಷದ ಸೆರೆವಾಸಕ್ಕೆ ಬಂತು. ಚೆಂಗಲ್ಪಟ್ಟಿಗೆ ಒಯ್ಯುವ ದಾರಿಯಲ್ಲಿ ಬೆಂಗಾವಲಿನ ಅಧಿಕಾರಿಯ ರಿವಾಲ್ವರಿನ ಗುಂಡಿಗೆ ರಾಜ ಸತ್ತ ಎಂದು ಟೇಲರ್ ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ.

ಆ ಆತ್ಮಕಥೆ ಪ್ರೀತಿಯಿಂದ ಬರೆದದ್ದು, ಅದರಲ್ಲಿ ಅನುಮಾನವಿಲ್ಲ. ಸೆರೆಮನೆಯಲ್ಲಿ ರಾಜ ಟೇಲರ್ ಮುಂದೆ ಹೇಳಿಕೊಂಡ ಆಸೆಯೊಂದು ಅದರಲ್ಲಿದೆ: ಕಳ್ಳನ ಹಾಗೆ ನೇಣಿಗೆ ಏರಿಸುವುದು ಬೇಡ, ತೋಪಿನ ಬಾಯಿಗೆ ಕಟ್ಟಿ ಹಾರಿಸಲಿ. ಆಯುಧದಿಂದ ಸಾಯುವುದರಲ್ಲಿ ಮಾನ ಇದೆ ಎಂದು ನಂಬಿದ ಮನೆತನದ ಮಾತು ಅದು. ಟೇಲರ್ ಅದನ್ನು ಕರುಣೆಯಿಂದ ದಾಖಲಿಸುತ್ತಾನೆ, ಆದರೆ ಅದರ ಹಿಂದಿನ ಲೆಕ್ಕ ಅವನಿಗೆ ಹತ್ತುವುದಿಲ್ಲ. ಹುಡುಗನನ್ನು ದುಷ್ಟರು ಕೆಡಿಸಿದರು ಎಂಬ ಸಾಕುತಂದೆಯ ಅಳಲಿನಾಚೆ ಅವನ ಪುಸ್ತಕ ಹೋಗುವುದಿಲ್ಲ. ಹೆಸರೂ ಉಳಿಯದ ಲಾವಣಿಕಾರ ಹತ್ತಾರು ನುಡಿಗಳಲ್ಲಿ ಹೋದ ದೂರವನ್ನು ಹನ್ನೆರಡು ವರ್ಷ ಸುರಪುರದಲ್ಲಿ ಬಾಳಿದ ಕಾದಂಬರಿಕಾರ ಹೋಗಲಾರದೆ ಹೋದ.

ನಿಃಶಸ್ತ್ರೀಕರಣ ಕಾಯ್ದೆಗೆ ಕರ್ನಾಟಕದಲ್ಲಿ ಮತ್ತೊಂದು ಕಥೆಯಿದೆ, ಅದನ್ನು ಜೊತೆಗಿಟ್ಟು ನೋಡದೆ ಹಲಗಲಿ ಪೂರ್ತಿ ಅರ್ಥವಾಗದು. 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಕೊಡವರಿಗೆ ನಿಃಶಸ್ತ್ರೀಕರಣದಿಂದ ವಿನಾಯಿತಿ ಕೊಟ್ಟ. ಅವರ ನಿಷ್ಠೆ ಮತ್ತು ಶೌರ್ಯವನ್ನು ಮೆಚ್ಚಿ ಕೊಟ್ಟದ್ದು ಎಂದು ಆದೇಶದಲ್ಲೇ ಇದೆ. ಶೌರ್ಯ ಹಲಗಲಿಯಲ್ಲೂ ಇತ್ತು. ಕೈಲ್ಪೊಳ್ದ್ ಹಬ್ಬದ ದಿನ ಕೊಡವರು ಕೋವಿಗೆ ಹೂ ಮುಡಿಸುವಂತೆ ನಮ್ಮಲ್ಲಿ ನವಮಿಗೆ ತಲವಾರಿಗೆ ಕುಂಕುಮ ಹಚ್ಚುತ್ತಾರೆ. ಭೇದ ಇದ್ದದ್ದು ‘ನಿಷ್ಠೆ’ ಎಂಬ ಒಂದೇ ಮಾತಿನಲ್ಲಿ. ಕೋವಿ ಎಷ್ಟು ಅಪಾಯಕಾರಿ ಎಂದು ಕಾಯ್ದೆ ನೋಡಲಿಲ್ಲ, ಹಿಡಿದ ಕೈ ತನ್ನ ಕಡೆಯದೇ ಎಂದು ನೋಡಿತು. ಆ ವಿನಾಯಿತಿ ಸ್ವತಂತ್ರ ಭಾರತದಲ್ಲೂ ಮುಂದುವರಿದು, 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ವಿಸ್ತರಿಸಿತು. 2021ರಲ್ಲಿ ಕರ್ನಾಟಕ ಹೈಕೋರ್ಟ್ ಎತ್ತಿಹಿಡಿಯಿತು. ಹಲಗಲಿಗೆ ಸಿಕ್ಕದ್ದು ಹತ್ತನೇ ತರಗತಿಯಲ್ಲಿ ಒಂದು ಪದ್ಯ.

ಹಾಗಂತ ಈ ಲಾವಣಿಯನ್ನು ಬಂದೂಕಿನ ಪರವಾದ ಅರ್ಜಿ ಮಾಡಿಕೊಳ್ಳುವುದನ್ನೂ ನಾನು ಒಪ್ಪೆ. ಮದುವೆಯ ಮೆರವಣಿಗೆಯಲ್ಲಿ ಗಾಳಿಗೆ ಗುಂಡು ಹಾರಿಸುವವನು ಜಡಗನ ವಾರಸುದಾರನಲ್ಲ. ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿ ಅಂಥವನಿಗೆ ಎರಡು ವರ್ಷದವರೆಗೆ ಜೈಲು ಇಟ್ಟದ್ದು ಸರಿಯಾಗಿಯೇ ಇದೆ. ಅದೇ ತಿದ್ದುಪಡಿಯ ಮೊದಲ ಕರಡು, ಒಬ್ಬನಿಗೆ ಮೂರರವರೆಗೆ ಇದ್ದ ಬಂದೂಕಿನ ಮಿತಿಯನ್ನು ಒಂದಕ್ಕೆ ಇಳಿಸಿತ್ತು. ಪರವಾನಗಿದಾರರು ತಕರಾರು ತೆಗೆದರು, ಅಜ್ಜನ ಕಾಲದ ಕೋವಿಯ ಗತಿಯೇನು ಎಂದರು, ಮಾತು ಸಂಸದರ ತನಕ ಹೋಯಿತು, ಸರ್ಕಾರ ಎರಡಕ್ಕೆ ಒಪ್ಪಿತು. ಯಾರ ಕಪಾಳಕ್ಕೂ ಏಟು ಬೀಳಲಿಲ್ಲ, ಯಾರ ಬೀಸುವ ಕಲ್ಲೂ ಹೋಗಲಿಲ್ಲ. 1996ರಲ್ಲಿ ಪೋರ್ಟ್ ಆರ್ಥರ್‌ನಲ್ಲಿ ಗುಂಡಿನ ದಾಳಿಗೆ 35 ಜನ ಸತ್ತ ಮೇಲೆ ಆಸ್ಟ್ರೇಲಿಯ ಹಣ ಕೊಟ್ಟು ಸುಮಾರು ಆರೂವರೆ ಲಕ್ಷ ಬಂದೂಕು ವಾಪಸು ಪಡೆಯಿತು. ಅಲ್ಲೂ ಗೊಣಗಿದವರು, ಮೆರವಣಿಗೆ ತೆಗೆದವರು ಇದ್ದರು, ಆದರೂ ತಂದು ಕೊಟ್ಟರು. ಹಲಗಲಿಯ ಹಾಡಿನಲ್ಲಿ ಬೆಲೆಯ ಮಾತೂ ಇಲ್ಲ, ಕೇಳಿ ನೋಡುವ ಮಾತೂ ಇಲ್ಲ. ಹುಕುಮು ಬಂತು, ಕಾರಕೂನ ಬಂದ, ದಂಡು ಬಂತು.

ಇವತ್ತು ನಮ್ಮ ತಾಲ್ಲೂಕಿನಲ್ಲೂ ಚುನಾವಣೆ ಬಂದಾಗ ಪರವಾನಗಿ ಇದ್ದವರು ಬಂದೂಕನ್ನು ಠಾಣೆಗೆ ಒಪ್ಪಿಸುತ್ತಾರೆ. ಹೊಲಕ್ಕೆ ಹಂದಿ ನುಗ್ಗುವ ಹೊತ್ತಿನಲ್ಲೇ ಚುನಾವಣೆ ಬಂದರೆ ಬೈಯುತ್ತ ಒಪ್ಪಿಸುತ್ತಾರೆ. ಆದರೂ ಒಪ್ಪಿಸುತ್ತಾರೆ, ಯಾಕೆಂದರೆ ಕೈಯಲ್ಲಿ ರಸೀದಿ ಇರುತ್ತದೆ, ಎಣಿಕೆ ಮುಗಿದ ಮೇಲೆ ವಾಪಸು ಸಿಗುತ್ತದೆ ಎಂಬ ನಂಬಿಕೆ ಇರುತ್ತದೆ. ನಿಷೇಧಕ್ಕೆ ಜನ ಹೇಗೆ ನಡೆದುಕೊಳ್ಳುತ್ತಾರೆ ಎಂಬುದಕ್ಕೆ ಲಾವಣಿ ಕಲಿಸುವ ಪಾಠವೂ ಇದರ ಹತ್ತಿರದ್ದೇ. ಕೋವಿಯ ಮೇಲಿನ ಮೋಹಕ್ಕಿಂತ ಕೇಳುವವನ ಮೇಲಿನ ನಂಬಿಕೆ ದೊಡ್ಡದು.

ಪಠ್ಯವಾಗಿ ಹಲಗಲಿ ಲಾವಣಿಗೆ ನಾವು ಅನ್ಯಾಯ ಮಾಡುತ್ತಿದ್ದೇವೆ. ಸಂದರ್ಭ ಸಹಿತ ವಿವರಿಸಿ, ಬಿಟ್ಟ ಸ್ಥಳ ತುಂಬಿರಿ ಎಂಬಲ್ಲಿಗೆ ಅದರ ಆಯಸ್ಸು ಮುಗಿಯುತ್ತದೆ. ಅದು ದೇಶಭಕ್ತಿಯ ಪದ್ಯ ಆಗುವುದಕ್ಕಿಂತ ಮೊದಲು ಒಂದು ಊರಿನ ನಷ್ಟದ ಪಟ್ಟಿ. ಕನ್ನಡ ಮೇಷ್ಟ್ರುಗಳಲ್ಲಿ ನನ್ನದೊಂದು ಕೋರಿಕೆ. ಮುಂದಿನ ಸಲ ಈ ಪಾಠ ಮಾಡುವಾಗ ಕೊನೆಯ ಭಾಗವನ್ನು ಓಡಿಸಬೇಡಿ. ಉಪ್ಪು, ಎಣ್ಣೆ, ಜೀರಿಗೆ, ಬೆಲ್ಲ ಎಂದು ಮಕ್ಕಳಿಂದಲೇ ನಿಧಾನವಾಗಿ ಓದಿಸಿ. ಆಮೇಲೆ ಕಬ್ಬನ್ ಕೊಡಗಿಗೆ ಕೊಟ್ಟ ವಿನಾಯಿತಿಯ ಕಥೆ ಹೇಳಿ. ಯಾವಳಾದರೂ ಎದ್ದು ನಿಂತು ಕೊಟ್ಟಿದ್ರ ಊರು ಉಳೀತಿತ್ತಲ್ರಿ ಎಂದು ಕೇಳಿದರೆ, ನಾನು ಮಾಡಿದಂತೆ ಕೂರಿಸಬೇಡಿ.