ಕರಿಮರಕ್ಕೆ ಆಮೆಯ ಹಂಗು

ಒಂದು ಜಾತಿಯ ಮರ ಕ್ಷೀಣಿಸುತ್ತಿದೆ ಎಂದ ಕೂಡಲೇ ನಮಗೆ ನೆನಪಾಗುವುದು ಕೊಡಲಿ. ಆದರೆ ಕೊಡಲಿಯ ಸದ್ದಡಗಿದ ಮೇಲೂ ಕಾಡು ಚಿಗುರದಿದ್ದರೆ ಕಾರಣವನ್ನು ಬೇರೆಡೆ ಹುಡುಕಬೇಕು. ಮಾರಿಷಸ್‌ನ ಆಗ್ನೇಯ ಕರಾವಳಿಯಾಚೆ ಇಲ್ ಒ ಎಗ್ರೆಟ್ ಎಂಬ 26 ಹೆಕ್ಟೇರಿನ ಸುಣ್ಣಕಲ್ಲಿನ ನಡುಗಡ್ಡೆಯಿದೆ. ಅಲ್ಲಿನ ಒಣಕಾಡಿನ ಹಿರಿಯ ಕರಿಮರ, ಅಂದರೆ ಎಬೊನಿ. ನಮ್ಮ ಬೀಡಿ ಎಲೆಯ ಮರದ ದಾಯಾದಿ. ಸೌದೆಗಾಗಿ ಅದನ್ನು ಕಡಿಯುವುದು 1980ರ ದಶಕದ ಆರಂಭದಲ್ಲಿ ನಿಂತರೂ, ಬೋಳಾದ ಜಾಗದಲ್ಲಿ ಸಸಿಗಳು ಏಳಲಿಲ್ಲ. ಉಳಿದ ಮರಗಳು ಹಣ್ಣು ಬಿಡುತ್ತಲೇ ಇದ್ದವು. ಒಯ್ಯುವವರಿಲ್ಲದೆ ಅವು ತಾಯಿಮರದ ಬುಡದಲ್ಲೇ ಉದುರುತ್ತಿದ್ದವು. ಅಂಥ ಹಣ್ಣು ನುಂಗಬಲ್ಲ ಮಾರಿಷಸ್‌ನ ಎರಡು ಜಾತಿಯ ದೈತ್ಯ ಆಮೆಗಳು, ಮಾಂಸಕ್ಕಾಗಿ ನಡೆದ ಬೇಟೆಯಿಂದಾಗಿ ಬಹಳ ಹಿಂದೆಯೇ ಅಳಿದುಹೋಗಿದ್ದವು.

ಅವುಗಳ ಜಾಗ ತುಂಬಲು 2000ದಲ್ಲಿ ಅಲ್ದಾಬ್ರ ಜಾತಿಯ ದೈತ್ಯ ಆಮೆಗಳನ್ನು ನಡುಗಡ್ಡೆಗೆ ತಂದು ಬಿಡಲಾಯಿತು. ಆಮೆಗೆ ಹಲ್ಲಿಲ್ಲ. ಗಟ್ಟಿ ಕೊಕ್ಕಿನಲ್ಲಿ ತಿರುಳನ್ನು ಕತ್ತರಿಸಿ ನುಂಗುವಾಗ ಬೀಜ ಇಡಿಯಾಗಿಯೇ ಒಳಗಿಳಿಯುತ್ತದೆ. ತಣ್ಣನೆ ರಕ್ತದ ಪ್ರಾಣಿಯಾದ್ದರಿಂದ ಜೀರ್ಣಕ್ರಿಯೆ ನಿಧಾನ; ಬೀಜ ದಿನಗಟ್ಟಲೆ ಹೊಟ್ಟೆಯಲ್ಲೇ ಇದ್ದು, ಆಮೆ ಹೋದಲ್ಲೆಲ್ಲ ಹೋಗುತ್ತದೆ. ಕೊನೆಗೆ ತಿರುಳು ಕಳಚಿಕೊಂಡು, ಲದ್ದಿಯ ಗೊಬ್ಬರದೊಂದಿಗೆ ಹೊಸ ನೆಲಕ್ಕೆ ಬೀಳುತ್ತದೆ. 2011ರಲ್ಲಿ ಪ್ರಕಟವಾದ ಅಧ್ಯಯನ ಎರಡು ಸಂಗತಿಗಳನ್ನು ತೋರಿಸಿತು: ಆಮೆಯ ಹೊಟ್ಟೆ ಹೊಕ್ಕು ಬಂದ ಬೀಜ ಹೆಚ್ಚು ಚೆನ್ನಾಗಿ ಮೊಳೆಯುತ್ತದೆ, ಕಡಿದು ಬರಿದಾದ ಕಡೆಗಳಲ್ಲೂ ಕರಿಮರದ ಸಸಿಗಳು ಎದ್ದಿವೆ.

ಪರದೇಶದ ಪ್ರಾಣಿಯನ್ನು ತಂದುಬಿಟ್ಟು ಕೆಟ್ಟ ದ್ವೀಪಗಳಿಗೆ ಲೆಕ್ಕವಿಲ್ಲ, ಇದೂ ಹಾಗಾಗದೇ ಎಂಬ ಆಕ್ಷೇಪವನ್ನು ತಳ್ಳಿಹಾಕಲಾಗದು. ಆದರೆ ಇಲಿ, ಮೇಕೆಗಳಂತೆ ಆಮೆ ಕೈಮೀರಿ ಹಬ್ಬುವ ಜೀವಿಯಲ್ಲ. ನಿಧಾನವಾಗಿ ಬೆಳೆಯುತ್ತದೆ, ಮೋಟುಗೋಡೆಗೂ ತಡೆದು ನಿಲ್ಲುತ್ತದೆ. ತೊಂದರೆ ಕಂಡರೆ ವಾಪಸು ಹಿಡಿದೊಯ್ಯಬಹುದು. ಹಿಂದೂ ಮಹಾಸಾಗರದ ದೈತ್ಯ ಆಮೆಗಳಲ್ಲಿ ಇಂದಿಗೆ ಉಳಿದಿರುವುದೂ ಇದೊಂದೇ. 1874ರಲ್ಲಿ ಚಾರ್ಲ್ಸ್ ಡಾರ್ವಿನ್ ಮತ್ತಿತರರು ಮಾರಿಷಸ್‌ನ ಗವರ್ನರ್‌ಗೆ ಪತ್ರ ಬರೆದು ರಕ್ಷಣೆ ಕೋರಿದ್ದು ಈ ಅಲ್ದಾಬ್ರ ಆಮೆಗಾಗಿಯೇ. ಹಣ್ಣಿನ ಜೊತೆ ಕಳೆಯ ಬೀಜವನ್ನೂ ಆಮೆ ಹರಡಬಹುದು ಎಂಬ ಮಾತೂ ನಿಜವೇ. ಅದಕ್ಕೆ ಮದ್ದು ಕಳೆ ಕೀಳುವುದು, ಆಮೆಯನ್ನು ಓಡಿಸುವುದಲ್ಲ. ಇನ್ನು, ಇಷ್ಟೆಲ್ಲ ಯಾಕೆ, ಜನರೇ ಸಸಿ ನೆಡಬಹುದಲ್ಲ ಎನ್ನುವವರಿದ್ದಾರೆ. ನೆಡಬಹುದು, ನೆಡಬೇಕು ಕೂಡ. ಆದರೆ ನೆಡುವ ಕೈ ನಿಂತ ದಿನ ಆ ಕಾಡೂ ನಿಲ್ಲುತ್ತದೆ; ಆಮೆಯಿದ್ದರೆ ತಾನಾಗಿ ಮುಂದುವರಿಯುತ್ತದೆ.

ಮರವನ್ನು ಉಳಿಸುವುದೆಂದರೆ ಅದರ ಬೀಜ ಹೊರುವವರನ್ನೂ ಉಳಿಸುವುದು. ನಮ್ಮ ಬಯಲುಸೀಮೆಯ ಕುರುಚಲು ಕಾಡಿನಲ್ಲೂ ಹುಲ್ಲು, ಹಣ್ಣು ತಿನ್ನುವ ನಕ್ಷತ್ರ ಆಮೆಯಿದೆ. ಅದೃಷ್ಟದ ಹೆಸರಿನಲ್ಲಿ ಅದನ್ನು ಹಿಡಿದು ಮಾರುತ್ತಾರೆ. ಮನೆಗೆ ತರಬೇಡಿ, ಅದರ ನಡಿಗೆ ಅಲ್ಲಿನ ನೆಲಕ್ಕೆ ಬೇಕು.