ಕೌಸಲ್ಯೆಯ ಲಾವಣಿ

ನಮ್ಮ ಕ್ಯಾತನಹಳ್ಳಿ ಕಡೆ ಪೌರಾಣಿಕ ನಾಟಕ ಅಂದರೆ ದುರ್ಯೋಧನ, ಭೀಮ ಎಲ್ಲ ಊರಿನವರೇ. ದ್ರೌಪದಿ, ರುಕ್ಮಿಣಿಗೆ ಮಾತ್ರ ಹೊರಗಿನಿಂದ ಕಲಾವಿದೆಯರು ಬರುತ್ತಾರೆ. ಸೀರೆ ಸೆಳೆಯುವಾಗ ಅತ್ತ ಹೆಣ್ಣೇ ಮುಂದಿನ ಸೀನಿಗೆ ಕುಣಿದು ಒನ್ಸ್ ಮೋರ್ ಗಿಟ್ಟಿಸಬೇಕು. ಬೆಳಿಗ್ಗೆ ಅರಳಿಕಟ್ಟೆಯಲ್ಲಿ ಅವರನ್ನು ‘ಕುಣಿಯೋರು’ ಅಂತ ಹಗುರ ಮಾಡುವ ಬಾಯಿಗಳಿಗೇನೂ ಬರವಿಲ್ಲ. ಅಂಥವರನ್ನು ಕೂರಿಸಿ ಜಯಶ್ರೀ ಗಡಕರ್ ಸಿನಿಮಾ ತೋರಿಸಬೇಕು.

ಹೆಸರು ಹೊಸದೆನಿಸಬಹುದು, ಮುಖ ಹೊಸದಲ್ಲ. 1987ರಲ್ಲಿ ದೂರದರ್ಶನದಲ್ಲಿ ಶುರುವಾದ ರಮಾನಂದ ಸಾಗರರ ‘ರಾಮಾಯಣ’ದ ಕೌಸಲ್ಯೆ ಈಕೆಯೇ. ದಶರಥನಾಗಿದ್ದ ಬಾಳ ಧುರಿ ಮನೆಯಲ್ಲೂ ಆಕೆಯ ಯಜಮಾನರು. ಭಾನುವಾರ ಟೀವಿಗೆ ಕೈಮುಗಿದು ಕೂತಿದ್ದವರಲ್ಲಿ, ಈ ರಾಜಮಾತೆ ಒಂದು ಕಾಲದಲ್ಲಿ ಮರಾಠಿ ಸಿನಿಮಾದ ಲಾವಣಿ ಕುಣಿತದ ರಾಣಿ ಎಂದು ಎಷ್ಟು ಜನಕ್ಕೆ ಗೊತ್ತಿತ್ತು?

ಹುಟ್ಟಿದ್ದು 1942ರಲ್ಲಿ, ಕಾರವಾರದ ಸದಾಶಿವಗಡದ ಹತ್ತಿರದ ಕಣಸಗಿರಿಯಲ್ಲಿ. ಆಗ ಅದು ಮುಂಬಯಿ ಪ್ರಾಂತ್ಯ. 1956ರಲ್ಲಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರುವ ಹೊತ್ತಿಗೆ ಹುಡುಗಿ ಬಣ್ಣ ಹಚ್ಚಿಯಾಗಿತ್ತು. ವಿ. ಶಾಂತಾರಾಮರ ‘ಝನಕ್ ಝನಕ್ ಪಾಯಲ್ ಬಾಜೆ’ಯಲ್ಲಿ ಗುಂಪಿನೊಳಗೊಬ್ಬಳಾಗಿ ಕುಣಿದಾಕೆ, 1959ರಲ್ಲಿ ಅನಂತ ಮಾನೆಯವರ ‘ಸಾಂಗತ್ಯೇ ಐಕಾ’ದಲ್ಲಿ ಹಂಸಾ ವಾಡಕರ್ ಅಂಥ ಹಿರಿಯ ನಟಿಯ ಜೊತೆ ಸರಿಸಮ ನಿಂತರು. ಪುಣೆಯ ವಿಜಯಾನಂದ ಟಾಕೀಸಿನಲ್ಲಿ ಆ ಚಿತ್ರ 131 ವಾರ ಓಡಿತು.

ಅದರ ಬುಗುಡಿ ಹಾಡನ್ನು ಹಾಡಿದವರು ಆಶಾ ಭೋಸ್ಲೆ. ಸಾತಾರೆ ದಾರಿಯಲ್ಲಿ ಕಿವಿಯ ಬುಗುಡಿ ಕಳೆದುಕೊಂಡವಳ ತಂಟೆಯ ಲಾವಣಿ. ನಮ್ಮ ಅಜ್ಜಿಯರ ಕಿವಿಯ ಮೇಲ್ತುದಿಯಲ್ಲೂ ಇದ್ದ ಒಡವೆಯಾದ್ದರಿಂದ ಭಾಷೆ ಬಾರದಿದ್ದರೂ ಸಂಕಟ ತಿಳಿಯುತ್ತದೆ. ಒಂಬತ್ತು ಗಜದ ಸೀರೆ, ಗೆಜ್ಜೆ, ಢೋಲಕಿಯ ಬಿರುಸು ಎಲ್ಲ ಇದೆ. ನನ್ನ ಮಟ್ಟಿಗೆ ಕಾಲಿಗಿಂತ ಕಣ್ಣಿನ ಕೆಲಸ ದೊಡ್ಡದು. ಬಾಯಲ್ಲಿ ದೂರು, ಕಣ್ಣಲ್ಲಿ ನಗು. ಒಡವೆ ಎಲ್ಲಿ ಹೋಯಿತೆಂದು ಅವಳಿಗೆ ಚೆನ್ನಾಗಿ ಗೊತ್ತು, ಎದುರು ಕೂತವರಿಗೂ ಗೊತ್ತು.

1964ರ ‘ಸವಾಲ್ ಮಾಝಾ ಐಕಾ’ದಲ್ಲಿ ಹಾಡಿಗೆ ಹಾಡಿನದೇ ಉತ್ತರ. ಉತ್ತರ ಕರ್ನಾಟಕದ ಲಾವಣಿ ಹಾಡುವ ಕಲ್ಗಿ-ತುರಾಯಿ ಪಂಥದವರ ಜಿದ್ದು ಕೇಳಿದವರಿಗೆ ಆ ಪೈಪೋಟಿಯ ಬಿಸಿ ಬೇಗ ತಾಗುತ್ತದೆ.

ಮಾರನೇ ವರ್ಷವೇ ಭಾಲಜಿ ಪೆಂಢಾರಕರ್ ಅವರ ‘ಸಾಧೀ ಮಾಣಸಂ’. ಇಲ್ಲಿ ಕಮ್ಮಾರನ ಹೆಂಡತಿ, ಗಂಡನಾಗಿ ಸೂರ್ಯಕಾಂತ್. ಸಂಗೀತ ಕೊಟ್ಟ ‘ಆನಂದಘನ’ ಬೇರಾರೂ ಅಲ್ಲ, ಲತಾ ಮಂಗೇಶ್ಕರ್. ಕುಲುಮೆಯ ಮುಂದಿನ ಹಾಡಿನಲ್ಲಿ ಢೋಲಕಿಯ ಜಾಗಕ್ಕೆ ಸುತ್ತಿಗೆ ಏಟಿನ ಲಯ ಬಂದಿದೆ. ಗೆಜ್ಜೆಯಿಲ್ಲ, ಬಳುಕಿಲ್ಲ. ಸಾವಿರ ಜನರನ್ನು ಒಂದೇ ನೋಟದಲ್ಲಿ ಹಿಡಿಯಬಲ್ಲ ಕಣ್ಣು ಇಲ್ಲಿ ಕೆಂಡ ಬಿಟ್ಟರೆ ಗಂಡ, ಅಷ್ಟಕ್ಕೇ ನಿಲ್ಲುತ್ತದೆ. ಲಾವಣಿ ಕಲಿಸಿದ ತಾಳಜ್ಞಾನ ಮಾತ್ರ ಮೈಯಲ್ಲೇ ಇದೆ.

ಕುಣಿತ ಬೇರೆ, ನಟನೆ ಬೇರೆ ಎಂಬ ಲೆಕ್ಕ ತಪ್ಪುವುದು ಇಲ್ಲೇ. ಎಲ್ಲಿ ಬಿಡಬೇಕು, ಎಲ್ಲಿ ಬಿಗಿಹಿಡಿಯಬೇಕು ಅನ್ನುವುದನ್ನು ಕುಣಿಯುವ ಮೈ ಮೊದಲು ಕಲಿಯುತ್ತದೆ. ಕೌಸಲ್ಯೆಯ ಗಾಂಭೀರ್ಯ ವಯಸ್ಸಿನಿಂದ ತಾನಾಗಿ ಬಂದದ್ದಲ್ಲ, ಮೂವತ್ತು ವರ್ಷ ತಾಳ ಹಾಕಿ ಸಂಪಾದಿಸಿದ್ದು.

‘ಅಶೀ ಮೀ ಜಯಶ್ರೀ’ ಎಂಬ ಆತ್ಮಕಥೆ ಬರೆದು, 2008ರ ಆಗಸ್ಟ್‌ನಲ್ಲಿ ಮುಂಬಯಿಯಲ್ಲಿ ತೀರಿಕೊಂಡರು. ನೋಡುವ ಮನಸ್ಸಿದ್ದರೆ ಮೊದಲು ‘ಸಾಧೀ ಮಾಣಸಂ’ ನೋಡಿ, ಲಾವಣಿ ಆಮೇಲಿರಲಿ. ಹಿಂದುಮುಂದಾದರೆ ಬುಗುಡಿಯ ಹುಡುಗಿ ಕಣ್ಣಿಗೆ ಕಟ್ಟಿ, ಕಮ್ಮಾರನ ಹೆಂಡತಿಯನ್ನು ನೋಡಗೊಡುವುದಿಲ್ಲ.