‘ಸೌಲಭ್ಯ’ವನ್ನು ‘ಹಕ್ಕು’ ಎಂದು ಬರೆದಾಗ: ಗಡಿನಾಡ ಕಾನೂನು ವಿದ್ಯಾರ್ಥಿಗಳ ಬರವಣಿಗೆ

ಗಡಿನಾಡ ಕನ್ನಡ ಶಾಲೆಗಳ ಬಗ್ಗೆ ನಮ್ಮ ವಿದ್ಯಾರ್ಥಿಗಳು ಬರೆಯುವ ಕಾನೂನು ಟಿಪ್ಪಣಿಗಳಲ್ಲಿ ಒಂದು ವಾಕ್ಯ ತಪ್ಪದೆ ಬರುತ್ತದೆ: ಸಂವಿಧಾನದ 350ಎ ವಿಧಿ ಮಾತೃಭಾಷಾ ಶಿಕ್ಷಣದ ಹಕ್ಕನ್ನು ಕೊಟ್ಟಿದೆ. ಕಾಸರಗೋಡಿನವರೂ ಹೀಗೇ ಬರೀತಾರೆ, ಅಕ್ಕಲಕೋಟೆಯವರೂ ಹೀಗೇ. ಆದರೆ ಆ ವಿಧಿಯಲ್ಲಿ ‘ಹಕ್ಕು’ ಎಂಬ ಪದವೇ ಇಲ್ಲ. 1956ರ ಏಳನೇ ತಿದ್ದುಪಡಿಯಲ್ಲಿ ಸೇರಿದ ಈ ವಿಧಿ ಹೇಳೋದು ಇಷ್ಟು: ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯಲು ಸಾಕಷ್ಟು ಸೌಲಭ್ಯ ಒದಗಿಸಲು ರಾಜ್ಯವೂ ಸ್ಥಳೀಯ ಸಂಸ್ಥೆಗಳೂ ಪ್ರಯತ್ನಿಸಬೇಕು. ಪ್ರಯತ್ನ, ಸೌಲಭ್ಯ, ಪ್ರಾಥಮಿಕ. ಈ ಮೂರು ಪದ ಬಿಟ್ಟು ಓದಿದರೆ ವಾದ ಹೋಗಿ ಭಾಷಣ ಉಳಿಯುತ್ತದೆ. ಹೈಸ್ಕೂಲ್ ಶಿಕ್ಷಕರ ಹುದ್ದೆಗೂ 350ಎ ತಂದು ನಿಲ್ಲಿಸಿದವರಿದ್ದಾರೆ. ಅದನ್ನು ಉರುಳಿಸಲು ಎದುರು ವಕೀಲರಿಗೆ ಒಂದು ನಿಮಿಷ ಸಾಕು. ‘ಸ್ಥಳೀಯ ಸಂಸ್ಥೆ’ ಅಂತ ಅಲ್ಲೇ ಇದೆಯಲ್ಲ, ಪಂಚಾಯತಿಯನ್ನೂ ಕೇಳಬಹುದು; ಆ ಮಾತನ್ನು ಮಾತ್ರ ಯಾರೂ ಎತ್ತಿಕೊಳ್ಳೋದಿಲ್ಲ!

ಇದಕ್ಕಿಂತ ನನಗೆ ಆತಂಕ ತರುವುದು 2014ರ ಸುಪ್ರೀಂ ಕೋರ್ಟ್ ತೀರ್ಪನ್ನು ಬಚ್ಚಿಡುವ ರೂಢಿ. ಒಂದರಿಂದ ನಾಲ್ಕನೇ ತರಗತಿವರೆಗೆ ಮಾತೃಭಾಷೆ ಅಥವಾ ಕನ್ನಡ ಮಾಧ್ಯಮ ಕಡ್ಡಾಯ ಎಂದ ಕರ್ನಾಟಕದ 1994ರ ಆದೇಶ ಅಲ್ಲಿ ನಿಲ್ಲಲಿಲ್ಲ. ಹೆಡ್‌ನೋಟ್ ಓದಿದ ವಿದ್ಯಾರ್ಥಿ ‘ಇದು ನಮಗೆ ವಿರುದ್ಧ’ ಅಂದುಕೊಂಡು ಬಿಟ್ಟುಬಿಡ್ತಾನೆ. ತೀರ್ಪನ್ನೇ ಓದಿದ್ದರೆ ಕಾಣುತ್ತಿತ್ತು: ಐವರು ನ್ಯಾಯಮೂರ್ತಿಗಳ ಪೀಠದ ಮುಂದಿದ್ದ ಪ್ರಶ್ನೆ, ಬೇಡವೆಂದವರ ಮೇಲೆ ಮಾತೃಭಾಷಾ ಮಾಧ್ಯಮವನ್ನು ಸರ್ಕಾರ ಹೇರಬಹುದೇ ಎಂಬುದು. 350ಎ ಅಂಥ ಅಧಿಕಾರ ಕೊಡುವುದಿಲ್ಲ ಎಂದಿತು ಕೋರ್ಟು. ಮಂಜೇಶ್ವರದ ಪೋಷಕರ ಪ್ರಶ್ನೆ ಬೇರೆ. ಬೇಕೆಂದು ಕೇಳುವವರಿಗೆ ಕನ್ನಡ ಬಲ್ಲ ಮೇಷ್ಟ್ರನ್ನು ಕೊಡದೆ ಇರಬಹುದೇ? ಈ ವ್ಯತ್ಯಾಸ ತೋರಿಸುವುದೇ ಕಾನೂನು ವಿಶ್ಲೇಷಣೆ. ವಿವಾದಾಂಶ, ನಿಯಮ, ಅನ್ವಯ, ತೀರ್ಮಾನ ಎಂಬ ನಾಲ್ಕು ಶೀರ್ಷಿಕೆ ಹಾಕಿದ ಮಾತ್ರಕ್ಕೆ ಅದು ಬರೋದಿಲ್ಲ. ನಾವು ಅಧ್ಯಾಪಕರು ಅಂಕ ಕೊಡೋದು ಮಾತ್ರ ಶೀರ್ಷಿಕೆಗಳಿಗೇ.

ಸೊಲ್ಲಾಪುರ, ಜತ್ತ ಕಡೆಯವರಿಗೆ ನಿಜವಾಗಿ ಕಷ್ಟ ಕೊಡುವುದು 2004ರ ಉಷಾ ಮೆಹ್ತಾ ತೀರ್ಪು. ಅಲ್ಪಸಂಖ್ಯಾತರ ಶಾಲೆಗಳಲ್ಲೂ ಮರಾಠಿ ಕಲಿಸುವುದನ್ನು ಕಡ್ಡಾಯ ಮಾಡಿದ ಮಹಾರಾಷ್ಟ್ರದ ನೀತಿಯನ್ನು ಸುಪ್ರೀಂ ಕೋರ್ಟ್ ಅದರಲ್ಲಿ ಎತ್ತಿಹಿಡಿಯಿತು. ಅದನ್ನು ಮೊದಲ ಪುಟದಲ್ಲೇ ಎದುರಿಸಿ. ಮರಾಠಿಯನ್ನು ಒಂದು ವಿಷಯವಾಗಿ ಸೇರಿಸುವುದು ಬೇರೆ, ಕನ್ನಡ ಮಾಧ್ಯಮದ ಹುದ್ದೆ ಖಾಲಿ ಬಿಡುವುದು ಬೇರೆ ಎಂದು ವಾದಿಸಲು ಜಾಗ ಇದೆ. ಅದಕ್ಕೆ ತೀರ್ಪಿನ ಜೊತೆಗೆ ಆ ಶಾಲೆಯ ಮಂಜೂರಾದ ಹುದ್ದೆಗಳ ಆದೇಶವೂ ಹಾಜರಿ ಪುಸ್ತಕವೂ ಕೈಯಲ್ಲಿರಬೇಕು.